ಕೈ ಎತ್ತಬೇಕೋ, ಎತ್ತಬಾರದೋ?

ಪ್ರಶ್ನೆ: ಮೇಡಂ, ನನಗೆ 49 ವರ್ಷ. ನಮ್ಮದು ತಿಪಟೂರಿನ ಹತ್ತಿರದ ಹಳ್ಳಿ. ತೆಂಗಿನ ತೋಟವಿದೆ, ಎರಡು ಹಸುಗಳಿವೆ. ಸ್ತನ ಕ್ಯಾನ್ಸರ್ ಎಂದು ಎಡಗಡೆಯ ಸ್ತನವನ್ನೂ ಕಂಕುಳಿನ ಗಂಟುಗಳನ್ನೂ ತೆಗೆದು ಇದು ನಾಲ್ಕನೇ ವಾರ. ಪೈಪು ತೆಗೆದ ಮೇಲೆ ಕಂಕುಳಲ್ಲಿ ನೀರು ತುಂಬಿಕೊಂಡು ಎರಡು ಸಲ ಸೂಜಿಯಿಂದ ತೆಗೆದಿದ್ದಾರೆ. ಕೈ ಭುಜದ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ಎತ್ತಲು ಹೋದರೆ ಕಂಕುಳಿನಿಂದ ಮೊಣಕೈವರೆಗೆ ಹುರಿ ಬಿಗಿದಂತೆ ಎಳೆಯುತ್ತದೆ. ತೋಳಿನ ಒಳಭಾಗ ಜೋಮು ಹಿಡಿದಂತಿದೆ, ಒಮ್ಮೊಮ್ಮೆ ಉರಿಯುತ್ತದೆ. ಆಸ್ಪತ್ರೆಯಲ್ಲಿ ವ್ಯಾಯಾಮದ ಹಾಳೆ ಕೊಟ್ಟಿದ್ದಾರೆ. ಆದರೆ ಅತ್ತೆಯವರು "ಕೈ ಆಡಿಸಿದರೆ ಹೊಲಿಗೆ ಬಿಚ್ಚುತ್ತದೆ, ಆನೆಕಾಲಿನ ಹಾಗೆ ಕೈ ಊದಿಕೊಳ್ಳುತ್ತದೆ" ಎಂದು ಲೋಟ ಎತ್ತಲೂ ಬಿಡುವುದಿಲ್ಲ. ಮೊಸರು, ಬದನೆಕಾಯಿ, ಮೊಟ್ಟೆ ಎಲ್ಲವನ್ನೂ ನಂಜೆಂದು ನಿಲ್ಲಿಸಿದ್ದಾರೆ. ಮುಂದಿನ ವಾರ ಕೀಮೋ ಶುರುವಂತೆ. ಗಾಯ ಪೂರ್ತಿ ಮಾಯುವವರೆಗೆ ಅದನ್ನು ಮುಂದಕ್ಕೆ ಹಾಕಿಸಬಹುದೇ? ಕೊಡಪಾನ ಎತ್ತುವುದು, ಮುದ್ದೆ ತಿರುವುವುದು, ಹಾಲು ಕರೆಯುವುದು ಇನ್ನು ನನ್ನಿಂದ ಆಗುತ್ತದೆಯೇ? ಇನ್ನೊಂದು ಮಾತು. ಗಾಯವನ್ನು ನಾನೇ ಇನ್ನೂ ಸರಿಯಾಗಿ ನೋಡಿಕೊಂಡಿಲ್ಲ, ಮನೆಯವರಿಗೂ ತೋರಿಸಿಲ್ಲ.

ಉತ್ತರ: ಕೈ ಎತ್ತಬೇಕು. ನಾಲ್ಕನೇ ವಾರದಲ್ಲಿ ಭುಜದ ಮಟ್ಟದಲ್ಲೇ ನಿಂತಿರುವ ಕೈಗೆ ಬೇಕಾಗಿರುವುದು ವಿಶ್ರಾಂತಿಯಲ್ಲ, ದಿನಕ್ಕೆ ಮೂರು ಹೊತ್ತು ಕೆಲಸ. ಹೊಲಿಗೆಯ ಗೆರೆ ಎಲ್ಲಾದರೂ ಬಾಯಿ ಬಿಟ್ಟಿದ್ದರೆ, ಕೀವು ಅಥವಾ ಕೆಂಪು ಬಾವು ಇದ್ದರೆ ಮೊದಲು ನಿಮ್ಮ ಸರ್ಜನ್‌ಗೆ ತೋರಿಸಿ. ಅದಾವುದೂ ಇಲ್ಲವೆಂದಾದರೆ ಆಸ್ಪತ್ರೆಯವರು ಕೊಟ್ಟ ಹಾಳೆಯನ್ನು ಇವತ್ತೇ ಹೊರಗೆ ತೆಗೆಯಿರಿ. ಚರ್ಮದ ಹೊಲಿಗೆ ಇಷ್ಟು ಹೊತ್ತಿಗೆ ಕೂಡಿಕೊಂಡಿರುತ್ತದೆ. ಕೈ ನಿಧಾನವಾಗಿ ಎತ್ತಿದರೆ ಬಿಚ್ಚುವುದಿಲ್ಲ.

ನಿಮ್ಮ ಅತ್ತೆಯವರ ಭಯ ಬುಡವಿಲ್ಲದ್ದಲ್ಲ. ಹಿಂದೆ ಈ ಶಸ್ತ್ರಚಿಕಿತ್ಸೆ ಬೇರೆಯೇ ರೀತಿಯಲ್ಲಿ ನಡೆಯುತ್ತಿತ್ತು. ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ರೂಢಿಗೆ ತಂದ ವಿಧಾನದಲ್ಲಿ ಸ್ತನದ ಜೊತೆಗೆ ಎದೆಯ ಮಾಂಸಖಂಡವನ್ನೂ ತೆಗೆದುಬಿಡುತ್ತಿದ್ದರು. ಆಮೇಲೆ ಎಷ್ಟೋ ದಶಕಗಳ ಕಾಲ ಹೆಂಗಸರ ಕೈ ಊದಿಕೊಳ್ಳುವುದು, ಭುಜ ಮರಗಟ್ಟುವುದು ಸಾಮಾನ್ಯವಾಗಿತ್ತು. ಅಂಥ ಒಂದು ಕೈ ಕಂಡವರಿಗೆ ಅದು ಮರೆಯುವುದಿಲ್ಲ. ಈಗ ಸ್ತನವನ್ನೂ ಕಂಕುಳಿನ ಗಂಟುಗಳನ್ನೂ ತೆಗೆಯುವಾಗ ಎದೆಯ ಮಾಂಸಖಂಡವನ್ನು ಉಳಿಸಿಕೊಳ್ಳುತ್ತೇವೆ. ಕೈ ಎತ್ತಲು ಬೇಕಾದ ಯಂತ್ರ ನಿಮ್ಮಲ್ಲಿ ಹಾಗೆಯೇ ಇದೆ. ಬಳಸದೆ ಇಟ್ಟರೆ ಮಾತ್ರ ಅದು ತುಕ್ಕು ಹಿಡಿಯುತ್ತದೆ.

ಮೊದಲು ಆ ಹುರಿಯ ವಿಷಯ. ಕಂಕುಳ ಗಂಟುಗಳನ್ನು ತೆಗೆದ ಮೇಲೆ, ಸಾಮಾನ್ಯವಾಗಿ ಎರಡರಿಂದ ಎಂಟು ವಾರಗಳೊಳಗೆ, ತೋಳಿನ ಒಳಭಾಗದ ಚರ್ಮದಡಿ ತಂತಿಯಂಥ ಎಳೆಗಳು ಕಾಣಿಸಿಕೊಳ್ಳುತ್ತವೆ. ಕೈ ಪಕ್ಕಕ್ಕೆ ಚಾಚಿದಾಗ ಎದ್ದು ಕಾಣುತ್ತವೆ, ಕೆಲವರಲ್ಲಿ ಮಣಿಕಟ್ಟಿನವರೆಗೂ ಇಳಿಯುತ್ತವೆ. ಇದು ನರವಲ್ಲ, ಮರಳಿ ಬಂದ ಕ್ಯಾನ್ಸರ್ ಖಂಡಿತ ಅಲ್ಲ. ಕತ್ತರಿಸಿಹೋದ ದುಗ್ಧನಾಳಗಳು (ಅಂಗಾಂಶದ ದ್ರವವನ್ನು ಹಿಂದಕ್ಕೆ ಒಯ್ಯುವ ಸಣ್ಣ ಕೊಳವೆಗಳು) ಮತ್ತು ಅವುಗಳ ಸುತ್ತಲಿನ ಅಂಗಾಂಶ ಗಟ್ಟಿಯಾಗಿ ಬಿಗಿದುಕೊಂಡಿರುವುದರಿಂದ ಹೀಗಾಗುತ್ತದೆ ಎಂಬುದು ಈಗಿನ ತಿಳಿವಳಿಕೆ. ಹೆಚ್ಚಿನವರಲ್ಲಿ ಸುಮಾರು ಮೂರು ತಿಂಗಳಲ್ಲಿ ಸಡಿಲವಾಗುತ್ತದೆ. ಹೆದರಿ ಕೈಯನ್ನು ಮಡಿಚಿಟ್ಟುಕೊಂಡವರಲ್ಲಿ ಮಾತ್ರ ಭುಜವನ್ನೂ ಜೊತೆಗೆ ಎಳೆದುಕೊಂಡು ಕೂರುತ್ತದೆ. ವ್ಯಾಯಾಮ ಮಾಡುವಾಗ ಎಂದಾದರೂ ಒಳಗೆ ಟಕ್ಕೆಂದು ಎಳೆ ಬಿಟ್ಟಂತಾಗಿ ಕೈ ತಟ್ಟನೆ ಹಗುರವಾದರೆ ಗಾಬರಿ ಬೇಡ, ಅದರಿಂದ ಕೆಡುಕಿಲ್ಲ. ಆದರೆ ಊರಲ್ಲಿ ಎಣ್ಣೆ ಹಚ್ಚಿ ನೀವುವವರ ಕೈಗೆ ಈ ತೋಳನ್ನು ಕೊಡಬೇಡಿ. ಜೋರಾಗಿ ಉಜ್ಜಿ ಆ ಎಳೆಯನ್ನು ಕೀಳುವ ಪ್ರಯತ್ನ ಯಾರೂ ಮಾಡಬಾರದು.

ಇನ್ನು ವ್ಯಾಯಾಮ. ಹಾಳೆಯಲ್ಲಿ ಚಿತ್ರಗಳಿರುತ್ತವೆ, ಆದರೂ ಮನೆಯಲ್ಲಿ ಅದು ಹೇಗೆ ನಡೆಯಬೇಕೆಂದು ಬಿಡಿಸಿ ಹೇಳುತ್ತೇನೆ. ನೋವಿನ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದಾದ ಅರ್ಧ ಗಂಟೆಗೆ, ಸ್ನಾನದ ನಂತರ ಮೈ ಬೆಚ್ಚಗಿರುವಾಗ ಶುರು ಮಾಡಿ. ಚಾಪೆಯ ಮೇಲೆ ಅಂಗಾತ ಮಲಗಿ, ಮಂಡಿ ಮಡಿಚಿ, ಒಂದು ಕೋಲನ್ನೋ ಮುಚ್ಚಿದ ಕೊಡೆಯನ್ನೋ ಎರಡೂ ಕೈಗಳಲ್ಲಿ ಹಿಡಿಯಿರಿ. ಬಲಗೈಯ ಬಲದಿಂದ ಎಡಗೈಯನ್ನು ತಲೆಯ ಮೇಲಕ್ಕೆ ಒಯ್ಯಿರಿ. ಎಳೆತ ಶುರುವಾದ ಕಡೆ ನಿಲ್ಲಿಸಿ ನಿಧಾನವಾಗಿ ನಾಲ್ಕೈದು ಸಲ ಉಸಿರಾಡಿ, ಕೆಳಗಿಳಿಸಿ. ಹೀಗೆ ಐದರಿಂದ ಏಳು ಸಲ. ಹಾಗೆಯೇ ಮಲಗಿದ್ದು ಎರಡೂ ಅಂಗೈಗಳನ್ನು ಕತ್ತಿನ ಹಿಂದೆ ಕೂಡಿಸಿ ಮೊಣಕೈಗಳನ್ನು ನೆಲದ ಕಡೆಗೆ ಬಿಡಿ. ಕಂಕುಳು ಬಿಚ್ಚಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಮೂರನೆಯದು ಗೋಡೆ. ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಮೇಲಕ್ಕೆ ನಡೆಸಿ, ತಲುಪಿದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ನಾಳೆ ಆ ಗುರುತನ್ನು ದಾಟಲು ನೋಡಿ. ಆಮೇಲೆ ಗೋಡೆಗೆ ಪಕ್ಕ ತಿರುಗಿ ನಿಂತು ಅದನ್ನೇ ಮಾಡಿ. ಇದು ಕಷ್ಟ, ಇದರಲ್ಲಿ ಹಿಂದೆ ಬಿದ್ದರೆ ಬೇಸರಪಡಬೇಡಿ.

ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಊಟಕ್ಕೆ ಮೊದಲು. ಎಳೆಯಬೇಕು, ಆದರೆ ಚುಚ್ಚಬಾರದು. ಮುಗಿಸಿದ ಸ್ವಲ್ಪ ಹೊತ್ತಿನಲ್ಲಿ ಎಳೆತ ಇಳಿದರೆ ನೀವು ಸರಿಯಾಗಿ ಮಾಡಿದ್ದೀರಿ. ರಾತ್ರಿಯಿಡೀ ನೋವು ಉಳಿದರೆ ಮರುದಿನ ಅರ್ಧ ಮಾಡಿ, ಬಿಡಬೇಡಿ. ಹಗಲಲ್ಲಿ ನಿಮ್ಮ ಜಡೆಯನ್ನು ನೀವೇ ಹಾಕಿಕೊಳ್ಳಿ, ಒಗೆದು ಹಿಂಡಿದ ಸಣ್ಣ ಬಟ್ಟೆಗಳನ್ನು ತಂತಿಯ ಮೇಲೆ ಹರವಿ. ಇವು ಕೆಲಸವೂ ಹೌದು, ವ್ಯಾಯಾಮವೂ ಹೌದು. ಎಡಗೈ ಬಲಗೈಯಷ್ಟೇ ಎತ್ತರ ಏಳುವವರೆಗೆ ಇದು ನಡೆಯಬೇಕು.

ಇಷ್ಟು ಒತ್ತಿ ಹೇಳಲು ಎರಡು ಕಾರಣಗಳಿವೆ. ಒಂದು, ಬ್ರಿಟನ್ನಿನಲ್ಲಿ ಭುಜದ ತೊಂದರೆಯ ಸಂಭವ ಹೆಚ್ಚಿದ್ದ ಸುಮಾರು 390 ಮಹಿಳೆಯರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಶಸ್ತ್ರಚಿಕಿತ್ಸೆಯಾದ ಏಳರಿಂದ ಹತ್ತು ದಿನಕ್ಕೇ ಫಿಸಿಯೋಥೆರಪಿಸ್ಟರ ಉಸ್ತುವಾರಿಯಲ್ಲಿ ವ್ಯಾಯಾಮ ಶುರು ಮಾಡಿದವರ ಕೈ ಒಂದು ವರ್ಷದ ನಂತರ ಉಳಿದವರಿಗಿಂತ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಗಾಯದ ತೊಂದರೆ ಅವರಲ್ಲಿ ಹೆಚ್ಚಲಿಲ್ಲ. ಎರಡನೆಯದು ನಿಮಗೆ ಇನ್ನೂ ಹತ್ತಿರದ್ದು. ಕೀಮೋ ಮುಗಿದ ಮೇಲೆ ನಿಮಗೆ ರೇಡಿಯೇಷನ್ ಬೇಕಾಗಬಹುದು, ನಮ್ಮ ಜನ ಕರೆಂಟ್ ಕೊಡುವುದು ಎನ್ನುವ ಚಿಕಿತ್ಸೆ. ಅದಕ್ಕೆ ದಿನವೂ ಕೈಯನ್ನು ತಲೆಯ ಮೇಲಿಟ್ಟು ಅಲುಗದೆ ಮಲಗಬೇಕು. ಕೈ ಏಳದಿದ್ದರೆ ಚಿಕಿತ್ಸೆಯ ಯೋಜನೆಯೇ ತಡವಾಗುತ್ತದೆ. ರೇಡಿಯೇಷನ್ ಸ್ವತಃ ಎದೆ, ಭುಜಗಳನ್ನು ಬಿಗಿ ಮಾಡುವುದರಿಂದ ಅದು ಮುಗಿದ ಮೇಲೂ ಕೆಲವು ತಿಂಗಳು ವ್ಯಾಯಾಮ ಮುಂದುವರಿಯಬೇಕು.

ನೀರು ತುಂಬುವುದು ಸೋಂಕಲ್ಲ. ಅಂಗಾಂಶ ತೆಗೆದ ಜಾಗ ಖಾಲಿ ಉಳಿದು, ಸುತ್ತಲಿನಿಂದ ಒಣಹುಲ್ಲಿನ ಬಣ್ಣದ ದ್ರವ ಸೋರಿ ಅಲ್ಲಿ ನಿಲ್ಲುತ್ತದೆ. ಸ್ವಲ್ಪವೇ ಇದ್ದರೆ ಮೈಯೇ ಹೀರಿಕೊಳ್ಳುತ್ತದೆ, ಹೆಚ್ಚಾಗಿ ಭಾರವೆನಿಸಿದರೆ ಸೂಜಿಯಿಂದ ತೆಗೆಯುತ್ತೇವೆ. ಎರಡು ಮೂರು ಸಲ ತೆಗೆಯುವುದು ಮಾಮೂಲು. ಮತ್ತೆ ಬೇಗ ತುಂಬುತ್ತಿದ್ದರೆ ಕೆಲವು ದಿನ ತಲೆಯ ಮೇಲಿನ ಎಳೆತ ಕಡಿಮೆ ಮಾಡಿ ಎಂದು ನಿಮ್ಮ ಸರ್ಜನ್ ಹೇಳಬಹುದು. ಆಗ ಅವರ ಮಾತೇ ನಡೆಯಬೇಕು. ಆದರೆ ಆ ಜಾಗ ಕೆಂಪಾಗಿ ಬಿಸಿಯಾದರೆ, ತೆಗೆದ ನೀರು ಮಬ್ಬಾಗಿದ್ದರೆ, ಚಳಿಜ್ವರ ಬಂದರೆ ಕಾಯುವಂತಿಲ್ಲ.

ಜೋಮು ಬರುವುದಕ್ಕೂ ಕಾರಣವಿದೆ. ತೋಳಿನ ಒಳಭಾಗದ ಚರ್ಮಕ್ಕೆ ಸ್ಪರ್ಶ ಕೊಡುವ ನರವೊಂದು ಕಂಕುಳಿನ ಗಂಟುಗಳ ನಡುವೆಯೇ ಹಾದುಹೋಗುತ್ತದೆ. ಗಂಟು ತೆಗೆಯುವಾಗ ಅದು ಎಳೆಯಲ್ಪಡುತ್ತದೆ, ಕೆಲವೊಮ್ಮೆ ಕತ್ತರಿಸಿಹೋಗುತ್ತದೆ. ಅದು ಸ್ಪರ್ಶದ ನರ, ಕೈಯ ಶಕ್ತಿಗೂ ಅದಕ್ಕೂ ಸಂಬಂಧವಿಲ್ಲ. ಜೋಮಿನ ಜಾಗ ತಿಂಗಳುಗಳಲ್ಲಿ ಕಿರಿದಾಗುತ್ತಾ ಬರುತ್ತದೆ. ಒಂದು ಅಂಗೈಯಗಲ ಕಾಯಂ ಉಳಿಯಲೂಬಹುದು. ಮೆತ್ತನೆಯ ಹತ್ತಿ ಬಟ್ಟೆಯಿಂದ ದಿನವೂ ಸವರುತ್ತಿದ್ದರೆ ಉರಿ ತಗ್ಗುತ್ತದೆ. ಮೂರು ತಿಂಗಳಾದರೂ ಉರಿ ನಿದ್ದೆ ಕೆಡಿಸುತ್ತಿದ್ದರೆ ಹೇಳಿ, ನರದ ನೋವಿಗೆಂದೇ ಬೇರೆ ಮಾತ್ರೆಗಳಿವೆ. ಬಿಸಿನೀರಿನ ಚೀಲವನ್ನು ಆ ಜಾಗಕ್ಕೆ ಇಡಬೇಡಿ: ಸುಟ್ಟರೂ ಗೊತ್ತಾಗುವುದಿಲ್ಲ. ಇಲ್ಲದ ಸ್ತನದಲ್ಲಿ ಕಡಿತವಾದಂತೆ, ಭಾರವಾದಂತೆ ಅನ್ನಿಸಿದರೆ ಅದೂ ನರದ ಆಟವೇ. ಇದನ್ನು ಯಾರಿಗೂ ಹೇಳಿಕೊಳ್ಳದೆ ತಲೆ ಕೆಟ್ಟಿತೇನೋ ಎಂದು ಹೆದರುವವರನ್ನು ಬಹಳ ನೋಡಿದ್ದೇನೆ, ಅದಕ್ಕೇ ಹೇಳಿದೆ.

ಈಗ ಆನೆಕಾಲಿನ ಮಾತಿಗೆ ಬರೋಣ. ಅತ್ತೆಯವರು ತಿಳಿಯದೆಯೇ ಸರಿಯಾದ ಕಡೆ ಕೈಯಿಟ್ಟಿದ್ದಾರೆ. ಆನೆಕಾಲಿನಲ್ಲಿ ಹುಳುಗಳು ದುಗ್ಧನಾಳಗಳನ್ನು ಕೆಡಿಸುತ್ತವೆ; ಇಲ್ಲಿ ನಾವು ಕ್ಯಾನ್ಸರ್ ಹರಡಿದೆಯೇ ಎಂದು ನೋಡಲು ಮತ್ತು ಹರಡಿದ್ದನ್ನು ತೆಗೆಯಲು ಕಂಕುಳಿನ ದುಗ್ಧಗ್ರಂಥಿಗಳನ್ನೇ, ಅಂದರೆ ನೀವು ಹೇಳುವ ಗಂಟುಗಳನ್ನೇ, ತೆಗೆದಿದ್ದೇವೆ. ಎರಡರಲ್ಲೂ ಆಗುವುದು ದ್ರವ ಹಿಂದಿರುಗುವ ದಾರಿ ಕಡಿಮೆಯಾಗುವುದು. ನಿಮ್ಮ ತೋಟದ ಕಾಲುವೆಯೊಂದು ಮುಚ್ಚಿದರೆ ನೀರು ಬೇರೆ ಕವಲು ಹುಡುಕುತ್ತದಲ್ಲ, ಕೈಯಲ್ಲೂ ಹಾಗೆಯೇ ಹೊಸ ದಾರಿಗಳಾಗುತ್ತವೆ. ಆ ದ್ರವವನ್ನು ಮುಂದಕ್ಕೆ ದೂಡಲು ಹೃದಯದಂಥ ಪಂಪು ಇಲ್ಲ, ಮಾಂಸಖಂಡಗಳು ಬಿಗಿದು ಸಡಿಲವಾದಾಗ ಅದು ಚೆನ್ನಾಗಿ ಸಾಗುತ್ತದೆ. ಹಾಗಾಗಿ ಕೈ ಊದಬಾರದೆಂದು ಕೈಯನ್ನು ಕಟ್ಟಿಹಾಕುವುದು ಉಲ್ಟಾ ಚಿಕಿತ್ಸೆ.

ಕಂಕುಳಿನ ಗಂಟುಗಳನ್ನು ಪೂರ್ತಿ ತೆಗೆಸಿಕೊಂಡ ನೂರು ಜನರಲ್ಲಿ ಸುಮಾರು ಇಪ್ಪತ್ತು ಜನರಿಗೆ ಕೈ ಊತ ಬರುತ್ತದೆ. ಸ್ತನದ ದ್ರವ ಮೊದಲು ತಲುಪುವ ಕೆಲವು ಗಂಟುಗಳನ್ನಷ್ಟೇ ಗುರುತಿಸಿ ತೆಗೆದವರಲ್ಲಿ ಐದಾರು ಜನರಿಗೆ. ಬಹುಪಾಲು ಮೊದಲ ಎರಡು ವರ್ಷಗಳಲ್ಲಿ ಬರುತ್ತದೆ, ಆದರೆ ಹತ್ತು ವರ್ಷದ ಮೇಲೆ ಬಂದವರೂ ಇದ್ದಾರೆ. ಅಂದರೆ ನೂರರಲ್ಲಿ ಎಂಬತ್ತು ಜನರಿಗೆ ಬರುವುದೇ ಇಲ್ಲ ಎಂಬುದನ್ನು ಅತ್ತೆಯವರಿಗೆ ಓದಿ ಹೇಳಿ. ಅಪಾಯ ಹೆಚ್ಚಿಸುವುದು ಮೂರು: ಕಂಕುಳಿಗೆ ರೇಡಿಯೇಷನ್, ಮೈತೂಕ, ಮತ್ತು ಆ ಕೈಗೆ ತಗಲುವ ಸೋಂಕು. ಮೊದಲನೆಯದು ನಿಮ್ಮ ಕೈಯಲ್ಲಿಲ್ಲ, ಉಳಿದೆರಡು ಇವೆ.

ಬಿ.ಪಿ. ಪಟ್ಟಿ, ಇಂಜೆಕ್ಷನ್, ವಿಮಾನ ಪ್ರಯಾಣ ಇವುಗಳಿಂದ ಕೈ ಊದುತ್ತದೆ ಎಂದು ವರ್ಷಗಟ್ಟಲೆ ಹೆದರಿಸುತ್ತಾ ಬಂದಿದ್ದೇವೆ. ನೂರಾರು ಮಹಿಳೆಯರ ಕೈಗಳನ್ನು ಅಳೆಯುತ್ತಾ ಹೋದ ಅಮೆರಿಕದ ಅಧ್ಯಯನವೊಂದು 2016ರಲ್ಲಿ ಇವಕ್ಕೂ ಊತಕ್ಕೂ ನಂಟು ಕಾಣಲಿಲ್ಲ. ಹಾಗಿದ್ದರೂ ಬಲಗೈ ಇರುವಾಗ ಬಲಗೈಯನ್ನೇ ಕೊಡಿ, ಅದರಲ್ಲಿ ನಷ್ಟವೇನಿಲ್ಲ. ತುರ್ತಿನಲ್ಲಿ ಎಡಗೈಗೆ ಸೂಜಿ ಹಾಕಿದರೆ ಅನಾಹುತವಾಯಿತೆಂದು ಕೊರಗಬೇಡಿ. ನಿಜವಾದ ಎಚ್ಚರ ಬೇಕಾಗಿರುವುದು ಮನೆ ತೋಟದಲ್ಲಿ. ಈಳಿಗೆಮಣೆಯ ಗೀರು, ಒಗ್ಗರಣೆಯ ಎಣ್ಣೆ ಸಿಡಿದದ್ದು, ತೆಂಗಿನ ಗರಿಯ ಸಿಬಿರು, ಉಗುರ ಸುತ್ತು, ಒಡೆದ ಗಾಜಿನ ಬಳೆ, ಇವೇ ಸೋಂಕಿನ ಬಾಗಿಲು. ತೋಟಕ್ಕೆ ಇಳಿಯುವಾಗ ತುಂಬುತೋಳಿನ ಅಂಗಿ, ಕೈಗೆ ಗವಸು ಹಾಕಿ. ಗೀರಿದರೆ ಕೂಡಲೇ ಸೋಪು ನೀರಿನಲ್ಲಿ ತೊಳೆದು ಸೋಂಕುನಿವಾರಕ ಹಚ್ಚಿ. ಅರಿಸಿನ ಮೆತ್ತಿ ಮುಚ್ಚಬೇಡಿ. ಕೈಯಲ್ಲಿ ಕೆಂಪು ಹರಡಿ ಚಳಿಜ್ವರ ಬಂದರೆ ಅದೇ ದಿನ ಆ್ಯಂಟಿಬಯೋಟಿಕ್ ಶುರುವಾಗಬೇಕು.

ಅಳತೆಯ ಟೇಪು ತಂದು ಮಣಿಕಟ್ಟು, ಮಣಿಕಟ್ಟಿನಿಂದ 10 ಸೆಂ.ಮೀ. ಮೇಲೆ, ಮೊಣಕೈ, ಅದರಿಂದ 10 ಸೆಂ.ಮೀ. ಮೇಲೆ ಎರಡೂ ಕೈಗಳ ಸುತ್ತಳತೆಯನ್ನು ಈಗಲೇ ಕ್ಯಾಲೆಂಡರಿನ ಹಿಂದೆ ಬರೆದಿಡಿ. ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ. ಎಲ್ಲಾದರೂ ಮೊದಲಿಗಿಂತ 2 ಸೆಂ.ಮೀ. ಹೆಚ್ಚಾದರೆ, ಅಥವಾ ಅದಕ್ಕೂ ಮೊದಲೇ ಬಳೆ ಬಿಗಿಯಾದರೆ, ರವಿಕೆಯ ತೋಳು ಒತ್ತಿದ ಗುರುತು ಉಳಿದರೆ, ಕೈ ಭಾರವೆನಿಸಿದರೆ ಬನ್ನಿ. ಶುರುವಿನಲ್ಲೇ ಹಿಡಿದ ಊತ ಒತ್ತುತೋಳು (ಕೈಗೆ ಬಿಗಿಯಾಗಿ ತೊಡುವ ತೋಳುಚೀಲ) ಮತ್ತು ಹಗುರ ಮಾಲೀಷಿನಿಂದ ಹತೋಟಿಗೆ ಬರುತ್ತದೆ. ಒತ್ತುತೋಳನ್ನು ಅಳತೆ ಕೊಟ್ಟು ಮಾಡಿಸಬೇಕು, ಮೆಡಿಕಲ್ ಅಂಗಡಿಯ ಕ್ರೇಪ್ ಬ್ಯಾಂಡೇಜ್ ಬಿಗಿಯಾಗಿ ಸುತ್ತಿಕೊಳ್ಳುವುದು ಅದಕ್ಕೆ ಬದಲಿಯಲ್ಲ.

ಕೊಡಪಾನದ ಪ್ರಶ್ನೆಗೆ ಉತ್ತರ ಆಗುತ್ತದೆ ಎಂದೇ. 2009ರಲ್ಲಿ ಅಮೆರಿಕದಲ್ಲಿ, ಆಗಲೇ ಕೈ ಊದಿಕೊಂಡಿದ್ದ 141 ಮಹಿಳೆಯರಲ್ಲಿ ಅರ್ಧದಷ್ಟು ಜನರಿಗೆ ನಿಧಾನವಾಗಿ ತೂಕ ಏರಿಸುತ್ತಾ ಭಾರ ಎತ್ತುವುದನ್ನು ಕಲಿಸಿದರು. ಊತ ಹೆಚ್ಚಲಿಲ್ಲ, ಬದಲಿಗೆ ಊತ ಕೆರಳುವುದು ಕಡಿಮೆಯಾಯಿತು. ಇದರ ಗುಟ್ಟಿರುವುದು ನಿಧಾನದಲ್ಲಿ. ಆರು ವಾರವಾಗುವವರೆಗೆ ಎಡಗೈಗೆ ಎರಡು ಕಿಲೋ ಮೀರಿದ್ದು ಬೇಡ. ತುಂಬಿದ ಲೋಟ, ತಟ್ಟೆ, ಸಣ್ಣ ಪಾತ್ರೆ ಎತ್ತಬಹುದು, ಎತ್ತಲೇಬೇಕು. ಆಮೇಲೆ ಚಿಕ್ಕ ಬಿಂದಿಗೆಯಿಂದ ಶುರು ಮಾಡಿ ವಾರವಾರಕ್ಕೂ ಸ್ವಲ್ಪ ಏರಿಸಿ. ತುಂಬಿದ ಕೊಡ ಹತ್ತು ಹದಿನೈದು ಕಿಲೋ ತೂಗುತ್ತದೆ, ಅದಕ್ಕೆ ಕೆಲವು ತಿಂಗಳು ಬೇಕು. ಮುದ್ದೆಯನ್ನು ಮೊದಲು ಇಬ್ಬರಿಗಾಗುವಷ್ಟು ತಿರುವಿ ನೋಡಿ, ಮನೆಮಂದಿಗೆಲ್ಲ ಆಮೇಲೆ. ಹಾಲು ಕರೆಯುವುದು ಬೆರಳು ಮುಂಗೈಗೆ ಒಳ್ಳೆಯ ಕೆಲಸವೇ, ಆದರೆ ಒದೆಯುವ ಹಸುವಿನ ಹತ್ತಿರ ಈಗ ಕೂರಬೇಡಿ. ಕೀಮೋ ನಡೆಯುವಾಗ ಕೊಟ್ಟಿಗೆಯ ಕೆಲಸ ಬೇರೆಯವರು ನೋಡಿಕೊಳ್ಳಲಿ.

ಆ ಕೀಮೋವನ್ನು ಮುಂದಕ್ಕೆ ಹಾಕಿಸಬೇಡಿ. ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯಾದ ನಾಲ್ಕರಿಂದ ಆರು ವಾರಗಳೊಳಗೆ ಶುರು ಮಾಡುತ್ತೇವೆ. ಮೂರು ತಿಂಗಳು ದಾಟಿದರೆ ಫಲ ಕಡಿಮೆಯಾಗುತ್ತದೆಂದು ಅಧ್ಯಯನಗಳು ಹೇಳುತ್ತವೆ. ಕಂಕುಳಲ್ಲಿ ಸ್ವಲ್ಪ ನೀರಿರುವುದು, ಕೈ ಪೂರ್ತಿ ಏಳದಿರುವುದು ತಡ ಮಾಡಲು ಕಾರಣವಲ್ಲ. ತೆರೆದ ಗಾಯ, ಕೀವು, ಜ್ವರ ಇದ್ದರೆ ಮಾತ್ರ ಕಾರಣ, ಅದನ್ನು ವೈದ್ಯರೇ ನಿರ್ಧರಿಸುತ್ತಾರೆ.

ನಂಜಿನ ಬಗ್ಗೆ ನನ್ನದು ಖಡಾಖಂಡಿತ ಅಭಿಪ್ರಾಯ. ಮೊಸರು, ಬದನೆಕಾಯಿ, ಮೊಟ್ಟೆ ಯಾವುದೂ ಹೊಲಿಗೆಯನ್ನು ಕೆಡಿಸುವುದಿಲ್ಲ. ಗಾಯ ಮಾಯುವುದು ಪ್ರೋಟೀನಿನಿಂದ. ಅದು ಸಿಗುವ ಪದಾರ್ಥಗಳನ್ನೇ ಹುಡುಕಿ ಪಥ್ಯದ ಹೆಸರಿನಲ್ಲಿ ನಿಲ್ಲಿಸುವ ನಮ್ಮ ಮನೆಗಳ ಪದ್ಧತಿ ನನಗೆ ಇಂದಿಗೂ ಅರ್ಥವಾಗಿಲ್ಲ. ನಿಮ್ಮ ತೂಕ 60 ಕಿಲೋ ಎಂದಿಟ್ಟುಕೊಂಡರೆ ದಿನಕ್ಕೆ 60ರಿಂದ 70 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಇರುವುದು ಆರು ಗ್ರಾಂ. ಮುದ್ದೆಯ ಜೊತೆ ಹುರುಳಿ ಸಾರು, ಬೇಯಿಸಿದ ಮೊಳಕೆ ಕಾಳು, ಹಾಲು, ಮನೆಯಲ್ಲೇ ಹೆಪ್ಪು ಹಾಕಿದ ತಾಜಾ ಮೊಸರು, ತಿನ್ನುವವರಾದರೆ ಮೊಟ್ಟೆ, ಕೋಳಿ, ಮೀನು ಎಲ್ಲವೂ ಇರಲಿ. ಕೀಮೋ ಶುರುವಾದ ಮೇಲೆ ಪಥ್ಯ ಶುಚಿಯದ್ದು ಮಾತ್ರ: ಆಗಷ್ಟೇ ಬೇಯಿಸಿದ್ದು, ಕುದಿಸಿ ಆರಿಸಿದ ನೀರು, ತೊಳೆದು ಸಿಪ್ಪೆ ತೆಗೆದ ಹಣ್ಣು. ಯಾರೋ ತಂದುಕೊಟ್ಟ ಬೇರಿನ ಪುಡಿ, ಕಷಾಯಗಳನ್ನು ನಿಮ್ಮ ಕ್ಯಾನ್ಸರ್ ವೈದ್ಯರಿಗೆ ತಿಳಿಸದೆ ಕುಡಿಯಬೇಡಿ. ಕೀಮೋ ಔಷಧಿಯನ್ನು ಸಂಭಾಳಿಸುವ ಯಕೃತ್ತಿಗೆ ಅವು ಹೊರೆಯಾಗಬಹುದು.

ಗಾಯವನ್ನು ನೀವೊಮ್ಮೆ ನೋಡಿಕೊಳ್ಳಬೇಕು. ಇದನ್ನು ಮನಸ್ಸಿನ ಧೈರ್ಯಕ್ಕೆಂದು ಹೇಳುತ್ತಿಲ್ಲ. ಕೆಂಪಾಗಿದೆಯೋ, ನೀರು ತುಂಬಿದೆಯೋ, ಹೊಲಿಗೆಯ ಗೆರೆಯ ಮೇಲೆ ಹೊಸ ಗುಳ್ಳೆ ಬಂದಿದೆಯೋ ಎಂದು ಮೊದಲು ತಿಳಿಯಬೇಕಾದವರು ನೀವು. ಡ್ರೆಸಿಂಗಿಗೆ ಹೋದಾಗ ನರ್ಸ್ ಪಕ್ಕದಲ್ಲಿರುವಾಗಲೇ ನೋಡಿಕೊಳ್ಳುವುದು ಸುಲಭ. ಗಾಯ ಪೂರ್ತಿ ಒಣಗಿದ ಮೇಲೆ ಬೆರಳ ತುದಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಆ ಗೆರೆಯ ಉದ್ದಕ್ಕೂ ಮೆಲ್ಲಗೆ ಸುತ್ತು ಸುತ್ತಾಗಿ ಸವರಿ, ಚರ್ಮ ಅಂಟಿಕೊಳ್ಳದೆ ಮೆತ್ತಗಾಗುತ್ತದೆ. ಮನೆಯವರಿಗೆ ಯಾವಾಗ ತೋರಿಸಬೇಕು ಎಂಬುದು ನಿಮಗೆ ಬಿಟ್ಟದ್ದು. ಅದಕ್ಕೆ ವೈದ್ಯರ ಗಡುವು ಇಲ್ಲ. ಆದರೆ ಅವರು ಕೇಳದಿರುವುದನ್ನು ಅಸಹ್ಯವೆಂದು ಓದಿಕೊಳ್ಳಬೇಡಿ. ನನ್ನ ಕೊಠಡಿಯಲ್ಲಿ ಗಂಡಂದಿರು ಒಬ್ಬರೇ ಇರುವಾಗ ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ: "ಮುಟ್ಟಿದರೆ ಅವಳಿಗೆ ನೋವಾಗುತ್ತದೆಯೇ?"

ಸದ್ಯಕ್ಕೆ ರವಿಕೆಯೊಳಗೆ ಮೆತ್ತನೆಯ ಹತ್ತಿ ತುಂಬಿದ ಬಟ್ಟೆಯ ಉಂಡೆ ಸಾಕು. ಮೇಲಕ್ಕೆ ಜಾರದಿರಲು ಅದರ ತಳಕ್ಕೆ ಒಂದಿಷ್ಟು ಸಾಸಿವೆ ಹಾಕಿ ಹೊಲಿದುಕೊಳ್ಳುವವರಿದ್ದಾರೆ. ಸಿಲಿಕೋನ್ ಕೃತಕ ಸ್ತನ ಗಾಯ ಚೆನ್ನಾಗಿ ಮಾಗಿದ ಮೇಲಿನ ಮಾತು. ಸ್ತನವನ್ನು ಶಸ್ತ್ರಚಿಕಿತ್ಸೆಯಿಂದ ಮತ್ತೆ ಕಟ್ಟಿಸಿಕೊಳ್ಳುವುದೂ ಚಿಕಿತ್ಸೆಗಳೆಲ್ಲ ಮುಗಿದ ಮೇಲೆ ಸಾಧ್ಯ, ಈಗಲೇ ತೀರ್ಮಾನಿಸಬೇಕಾಗಿಲ್ಲ. ರವಿಕೆ ತೊಡುವಾಗ ಎಡಗೈ ಮೊದಲು, ಕಳಚುವಾಗ ಎಡಗೈ ಕೊನೆಗೆ. ಮಲಗುವಾಗ ಆ ಕೈಯಡಿ ಒಂದು ದಿಂಬು ಇರಲಿ.

ಮುಂದಿನ ವಾರ ಹೋಗುವಾಗ ಬಯಾಪ್ಸಿ ವರದಿಯ ಜೆರಾಕ್ಸ್ ಒಂದನ್ನು ನಿಮ್ಮ ಬಳಿಯೇ ಇಟ್ಟುಕೊಳ್ಳಿ, ಇ.ಆರ್., ಪಿ.ಆರ್. (ಗಡ್ಡೆ ಹಾರ್ಮೋನಿಗೆ ಸ್ಪಂದಿಸುತ್ತದೆಯೇ ಎಂದು ತಿಳಿಸುವ ಪರೀಕ್ಷೆಗಳು), ಹರ್-2 (ಗಡ್ಡೆಯಲ್ಲಿರುವ ಒಂದು ಪ್ರೋಟೀನಿನ ಪರೀಕ್ಷೆ) ಫಲಿತಾಂಶ ಏನೆಂದು ಕೇಳಿ. ಕೀಮೋ ಆದ ಮೇಲೆ ಐದರಿಂದ ಹತ್ತು ವರ್ಷ ಮಾತ್ರೆ ನುಂಗಬೇಕೋ, ವರ್ಷವಿಡೀ ಇನ್ನೊಂದು ಇಂಜೆಕ್ಷನ್ ಬೇಕೋ ಎಂಬುದು ಅದರಿಂದ ತೀರ್ಮಾನವಾಗುತ್ತದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ, ಕಾರ್ಡನ್ನು ಮರೆಯಬೇಡಿ. ಸೂಜಿ ಹಾಕುವವರಿಗೆ ಎಡಗೈ ಶಸ್ತ್ರಚಿಕಿತ್ಸೆಯ ಕೈ ಎಂದು ನೀವೇ ಹೇಳಿ. ಬಲಗೈಯ ರಕ್ತನಾಳಗಳು ಸಣ್ಣವಾಗಿದ್ದರೆ ಔಷಧಿ ಕೊಡಲು ಎದೆಯ ಚರ್ಮದಡಿ ಇಡುವ ಪೋರ್ಟ್ ಎಂಬ ಪುಟ್ಟ ಸಾಧನದ ಬಗ್ಗೆ ವಿಚಾರಿಸಿ. ಬರುವಾಗ ತಿಪಟೂರಿನಲ್ಲಿ ಒಂದು ಥರ್ಮಾಮೀಟರ್ ಕೊಳ್ಳಿ. ಕೀಮೋ ನಡೆಯುವ ದಿನಗಳಲ್ಲಿ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಮಾತ್ರೆ ನುಂಗಿ ಬೆಳಗಾಗುವವರೆಗೆ ಕಾಯಬೇಡಿ, ಮಧ್ಯರಾತ್ರಿಯಾದರೂ ಹೊರಡಬೇಕು. ಆ ಹೊತ್ತಿನಲ್ಲಿ ಯಾವ ಆಸ್ಪತ್ರೆಗೆ ಹೋಗಬೇಕು, ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಮೊದಲ ಕೀಮೋ ದಿನವೇ ಕೇಳಿ ಬರೆದುಕೊಳ್ಳಿ.